‘ರಿಟ್ರೀಟ್’ ಎಂಬ ಕ್ರಿಯಾಪದವೂ ಕುಂದಾಪುರ ಸೀಮೆಯ ಇತಿಹಾಸವೂ

೧

ಕರಾವಳಿಯ ಇತಿಹಾಸವನ್ನು ಕುರಿತು ಆಂಗ್ಲಭಾಷೆಯಲ್ಲಿ ಹೊರಬಂದ ಗ್ರಂಥಗಳನ್ನು ಓದುವವರಿಗೆ ‘ರಿಟ್ರೀಟ್’ ಎಂಬ ಕ್ರಿಯಾಪದವು ಮೇಲಿಂದ ಮೇಲೆ ಎದುರಾಗುತ್ತದೆ. ಪೋರ್ಚುಗೀಸರು ಬಸರೂರನ್ನು ಬಿಟ್ಟುದಕ್ಕೂ, ಶಿವಾಜಿಯ ನೌಕೆಗಳು ಅದೇ ಊರಿನಿಂದ ಮರಳಿದುದಕ್ಕೂ, ಇಂಗ್ಲಿಷರು ಘಟ್ಟದ ಮೇಲಿನ ಬಿದನೂರನ್ನು ಕಳೆದುಕೊಂಡುದಕ್ಕೂ, ಕೊನೆಗೆ ಪರಶುರಾಮನ ಮುಂದೆ ಕಡಲು ಜಾಗ ಬಿಟ್ಟಿತೆಂಬ ಐತಿಹ್ಯಕ್ಕೂ ಈ ಒಂದು ಶಬ್ದವೇ, ಇಲ್ಲವೆ ಇದರ ದಾಯಾದಿ ಶಬ್ದಗಳಾದ ‘ವಿತ್‌ಡ್ರಾ’, ‘ರಿಟೈರ್’ ಎಂಬುವೇ ಸಾಕಾಗುತ್ತವೆ. ನಮ್ಮ ವಿದ್ಯಾರ್ಥಿಗಳು ಇವೆಲ್ಲವನ್ನೂ ಕನ್ನಡಿಸುವಾಗ ‘ಹಿಂದೆ ಸರಿದರು’ ಎಂದು ಬರೆದು ಮುಂದಿನ ವಾಕ್ಯಕ್ಕೆ ಹೋಗುವುದು ವಾಡಿಕೆಯಾಗಿದೆ. ಮೇಲುನೋಟಕ್ಕೆ ಇದು ಕೇವಲ ಅನುವಾದದ ಪ್ರಶ್ನೆಯೆಂದು ತೋರಬಹುದು. ಆದರೆ ಕ್ರಿಯಾಪದವನ್ನು ಆರಿಸುವುದೆಂದರೆ ಒಂದು ಐತಿಹಾಸಿಕ ನಿರ್ಣಯವನ್ನು ಕೊಡುವುದೇ ಆಗಿದೆ. ಯಾರು ಹೋದರು ಎಂಬುದನ್ನು ಹೇಳಿ, ಯಾರು ಅವರನ್ನು ಹೋಗಗೊಟ್ಟರು ಅಥವಾ ಹೋಗುವಂತೆ ಮಾಡಿದರು ಎಂಬುದನ್ನು ಹೇಳದೆ ಬಿಟ್ಟರೆ, ಘಟನೆಯ ಅರ್ಧಭಾಗವು ಮಾತ್ರ ದಾಖಲಾಗುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಮೊದಲು ಈ ಆಂಗ್ಲ ಕ್ರಿಯಾಪದದ ಹುಟ್ಟನ್ನೂ ಅರ್ಥವ್ಯಾಪ್ತಿಯನ್ನೂ ಪರಿಶೀಲಿಸಿ, ಅದಕ್ಕೆ ಸಂವಾದಿಯಾದ ಕನ್ನಡ ಧಾತುಗಳೊಡನೆ ಹೋಲಿಸಿ, ಬಳಿಕ ಇಂದಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನೊಳಗೊಂಡ ಸೀಮೆಯ ಇತಿಹಾಸದಿಂದ ಕೆಲವು ಪ್ರಸಂಗಗಳನ್ನು ತೆಗೆದುಕೊಂಡು, ಯಾವ ಪ್ರಸಂಗಕ್ಕೆ ಯಾವ ಕ್ರಿಯಾಪದವು ಸಲ್ಲುತ್ತದೆಂಬುದನ್ನು ವಿಚಾರಿಸಲು ಉದ್ದೇಶಿಸಿದ್ದೇವೆ.

೨

‘ರಿಟ್ರೀಟ್’ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ರೆತ್ರಾಹೆರೆ’ ಎಂಬ ಕ್ರಿಯಾಪದ. ‘ರೆ’ ಎಂದರೆ ಹಿಂದಕ್ಕೆ, ‘ತ್ರಾಹೆರೆ’ ಎಂದರೆ ಎಳೆ. ನೆಲವನ್ನುಳುವ ‘ಟ್ರ್ಯಾಕ್ಟರ್’ ಎಂಬ ಯಂತ್ರದ ಹೆಸರಿನಲ್ಲಿರುವುದೂ ಇದೇ ಧಾತು. ಲ್ಯಾಟಿನ್ನಿನಿಂದ ಅದು ಹಳೆಯ ಫ್ರೆಂಚ್ ಭಾಷೆಗೆ ಬಂದು, ಅಲ್ಲಿಂದ ಮಧ್ಯಯುಗದಲ್ಲಿ ಇಂಗ್ಲಿಷನ್ನು ಹೊಕ್ಕಿತು. ಮೊದಲಿಗೆ ನಾಮಪದವಾಗಿ, ಆಮೇಲೆ ಕ್ರಿಯಾಪದವಾಗಿ ಬಳಕೆಗೊಂಡಿತು. ಯುದ್ಧಭೂಮಿಯಲ್ಲಿ ಸೈನಿಕರನ್ನು ಹಿಂದಕ್ಕೆ ಕರೆಯಲು ಊದುವ ಕಹಳೆಗೂ ಬಾರಿಸುವ ಭೇರಿಗೂ ಅದೇ ಹೆಸರು ನಿಂತಿತು. ಪ್ರತಿವರ್ಷ ಜನವರಿ ೨೯ರಂದು ದೆಹಲಿಯಲ್ಲಿ ನಡೆಯುವ ‘ಬೀಟಿಂಗ್ ರಿಟ್ರೀಟ್’ ಸಮಾರಂಭದ ಹೆಸರಿನಲ್ಲಿ ಈ ಅರ್ಥವು ಇಂದಿಗೂ ಉಳಿದಿದೆ. ಅಲ್ಲಿ ಸೋಲಿನ ಸೂಚನೆಯಿಲ್ಲ. ಸಂಜೆಯಾದೊಡನೆ ಪಡೆಗಳು ಪಾಳೆಯಕ್ಕೆ ಮರಳುವ ಸಂಪ್ರದಾಯದ ನೆನಪು ಮಾತ್ರ ಇದೆ. ಕಾಲಕ್ರಮದಲ್ಲಿ ಜನಸಂದಣಿಯಿಂದ ದೂರವಾದ ವಾಸಸ್ಥಾನಕ್ಕೂ, ಕ್ರೈಸ್ತ ಸಾಧಕರು ಕೈಕೊಳ್ಳುವ ಏಕಾಂತ ಧ್ಯಾನದ ದಿನಗಳಿಗೂ ಇದೇ ಶಬ್ದವು ಸಂದಿತು.

‘ರಿಟೈರ್’ ಎಂಬುದು ೧೬ನೆಯ ಶತಮಾನದಲ್ಲಿ ಫ್ರೆಂಚಿನ ‘ರೆತಿರೇ’ ಎಂಬುದರಿಂದ ಬಂದುದು. ಅಲ್ಲಿಯೂ ‘ತಿರೇ’ ಎಂದರೆ ಎಳೆ ಎಂದೇ ಅರ್ಥ. ಮೊದಲು ಸೈನ್ಯದ ವಿಷಯದಲ್ಲಿ ಹೇಳುತ್ತಿದ್ದ ಈ ಮಾತು ಉದ್ಯೋಗದಿಂದ ಬಿಡುಗಡೆ ಹೊಂದುವುದಕ್ಕೆ ಸಂದದ್ದು ತರುವಾಯದ ಬೆಳವಣಿಗೆ. ‘ವಿತ್‌ಡ್ರಾ’ ಎಂಬುದಾದರೋ ಅಚ್ಚ ಇಂಗ್ಲಿಷ್ ಅಂಶಗಳಿಂದಾದ ಸಮಾಸ. ಇಲ್ಲಿಯ ‘ವಿತ್’ ಎಂಬುದಕ್ಕೆ ಇಂದಿನ ‘ಜೊತೆಗೆ’ ಎಂಬ ಅರ್ಥವಿಲ್ಲ. ‘ಎದುರಾಗಿ, ಬೇರೆಯಾಗಿ’ ಎಂಬ ಪ್ರಾಚೀನಾರ್ಥವಿದೆ. ‘ವಿತ್‌ಸ್ಟ್ಯಾಂಡ್’, ‘ವಿತ್‌ಹೋಲ್ಡ್’ ಎಂಬ ಶಬ್ದಗಳಲ್ಲಿಯೂ ಇದನ್ನೇ ಕಾಣುತ್ತೇವೆ. ‘ಡ್ರಾ’ ಎಂಬುದಕ್ಕೆ ಎಳೆ ಎಂದರ್ಥ. ಹೀಗೆ ಮೂರು ಶಬ್ದಗಳ ಬುಡದಲ್ಲಿಯೂ ಎಳೆಯುವ ಕ್ರಿಯೆಯೇ ಇದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಎಳೆಯುವುದು ಸಕರ್ಮಕ ಕ್ರಿಯೆ. ಎಳೆಯುವವನೊಬ್ಬನೂ ಎಳೆಯಲ್ಪಡುವುದೊಂದೂ ಇಲ್ಲದೆ ಅದು ನಡೆಯದು. ಲ್ಯಾಟಿನ್ನಿನ ‘ರೆತ್ರಾಹೆರೆ’ಯಲ್ಲಿ ಎಳೆಯುವವನು ಸ್ಪಷ್ಟವಾಗಿದ್ದನು. ಇಂಗ್ಲಿಷಿನ ‘ರಿಟ್ರೀಟ್’ ಎಂಬುದರಲ್ಲಿ ಅವನು ಮರೆಯಾಗಿ ಕ್ರಿಯೆಯು ಅಕರ್ಮಕವಾಗಿ ನಿಂತಿತು. ಸೈನ್ಯವು ತಾನೇ ತಾನಾಗಿ ಹೋಯಿತೋ, ಸೇನಾಪತಿಯು ಕರೆಸಿಕೊಂಡನೋ, ಶತ್ರುವು ನೂಕಿದನೋ ಎಂಬುದನ್ನು ಆ ಕ್ರಿಯಾಪದವು ಹೇಳುವುದಿಲ್ಲ. ‘ವಿತ್‌ಡ್ರಾ’ ಎಂಬುದರಲ್ಲಿ ಮಾತ್ರ ಸಕರ್ಮಕ, ಅಕರ್ಮಕ ಎರಡು ಪ್ರಯೋಗಗಳೂ ಉಳಿದುಕೊಂಡಿವೆ.

೩

ಇನ್ನು ಕನ್ನಡದ ಕಡೆಗೆ ತಿರುಗಬಹುದು. ‘ಹಿಂದೆಗೆ’ ಎಂಬ ನಮ್ಮ ಹಳೆಯ ಶಬ್ದವು ‘ರೆತ್ರಾಹೆರೆ’ಗೆ ಅಚ್ಚರಿಗೊಳಿಸುವಷ್ಟು ಸಮಾನವಾಗಿದೆ. ‘ಪಿಂ’ ಎಂಬುದು ಹಿಂದಣ ಭಾಗವನ್ನು ಸೂಚಿಸುತ್ತದೆ. ಪಕಾರವು ಹಕಾರವಾಗಿ ಅದು ‘ಹಿಂ’ ಆಯಿತು. ‘ತೆಗೆ’ ಎಂಬ ಧಾತುವಿಗೆ ಇಂದು ನಾವು ಹೆಚ್ಚಾಗಿ ಎತ್ತು, ಬಿಚ್ಚು, ಹೊರಗಿಡು ಎಂಬ ಅರ್ಥಗಳನ್ನು ಕೊಡುತ್ತೇವಾದರೂ ಹಳಗನ್ನಡದಲ್ಲಿ ಅದಕ್ಕೆ ಸೆಳೆ, ಎಳೆ ಎಂಬ ಅರ್ಥವು ಪ್ರಧಾನವಾಗಿತ್ತು. ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಸೆಳೆಯುವುದಕ್ಕೆ ಕವಿಗಳು ಬಳಸಿದ್ದು ಈ ಧಾತುವನ್ನೇ. ಆದುದರಿಂದ ‘ಹಿಂದೆಗೆ’ ಎಂದರೆ ಹಿಂದಕ್ಕೆ ಸೆಳೆ, ಹಿಂದಕ್ಕೆ ಸೆಳೆದುಕೊ ಎಂದಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ಕಲ್ಪನೆಯಿಂದ ಒಂದೇ ಬಗೆಯ ಶಬ್ದವನ್ನು ಕಟ್ಟಿಕೊಂಡುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರವಾದ ವಿಷಯ.

ಆದರೆ ಕನ್ನಡವು ಈ ಒಂದರಲ್ಲಿಯೇ ತೃಪ್ತವಾಗಲಿಲ್ಲ. ‘ಹಿಮ್ಮೆಟ್ಟು’ ಎಂಬುದರಲ್ಲಿ ಎಳೆತವಿಲ್ಲ, ಕಾಲ ಹೆಜ್ಜೆಯಿದೆ. ಮುಖವು ಶತ್ರುವಿನ ಕಡೆಗೇ ಇದ್ದು ಪಾದವು ಹಿಂದಕ್ಕೆ ಊರುವ ಚಿತ್ರವನ್ನು ಅದು ಕಣ್ಮುಂದೆ ನಿಲ್ಲಿಸುತ್ತದೆ. ‘ಹಿಂಜರಿ’ ಎಂಬುದರಲ್ಲಿ ಜಾರುವಿಕೆಯಿದೆ. ಅದು ಕ್ರಮವಾಗಿ ಮನಸ್ಸಿನ ಅಳುಕಿಗೆ ಹೆಸರಾಯಿತು. ‘ಸರಿ’ ಎಂಬುದು ಇದ್ದೆಡೆಯಿಂದ ಸ್ವಲ್ಪವೇ ಕದಲುವುದು. ‘ತೊಲಗು’ ಎಂಬುದರಲ್ಲಿ ಸ್ಥಳವನ್ನು ಪೂರ್ತಿಯಾಗಿ ಬಿಡುವ ಅರ್ಥವಿದೆ. ‘ಮರಳು’ ಎಂಬುದು ತಿರುಗಿ ಮೊದಲಿನ ನೆಲೆಗೆ ಬರುವುದು. ‘ಇಳಿ’ ಎಂಬುದು ನೀರಿಗೂ ಪದವಿಗೂ ಸಮನಾಗಿ ಸಲ್ಲುತ್ತದೆ. ಸಂಸ್ಕೃತದಿಂದ ಬಂದ ‘ನಿವೃತ್ತಿ’ಯಲ್ಲಿ ಹೊರಳುವ, ತಿರುಗುವ ಅರ್ಥವಿದೆ. ಇಂಗ್ಲಿಷಿನಲ್ಲಿ ‘ರಿಟೈರ್’ ಆದ ಅಧಿಕಾರಿಯು ಶಬ್ದಾರ್ಥದಲ್ಲಿ ಹಿಂದಕ್ಕೆ ಎಳೆಯಲ್ಪಟ್ಟವನಾದರೆ, ನಮ್ಮಲ್ಲಿ ನಿವೃತ್ತನಾದವನು ಹಿಂದಿರುಗಿದವನು.

ಇವುಗಳಿಗಿಂತಲೂ ಮುಖ್ಯವಾದುದು ಕನ್ನಡದ ಪ್ರೇರಣಾರ್ಥಕ ಪ್ರತ್ಯಯ. ‘ಇಸು’ ಎಂಬ ಈ ಚಿಕ್ಕ ಪ್ರತ್ಯಯವನ್ನು ಸೇರಿಸಿದೊಡನೆ ಮರೆಯಲ್ಲಿದ್ದ ಇನ್ನೊಬ್ಬ ಕರ್ತೃವು ವಾಕ್ಯದೊಳಕ್ಕೆ ಬಂದು ನಿಲ್ಲುತ್ತಾನೆ. ಹಿಮ್ಮೆಟ್ಟಿದನು, ಹಿಮ್ಮೆಟ್ಟಿಸಿದನು, ಸರಿದನು, ಸರಿಸಿದನು, ತೊಲಗಿದನು, ತೊಲಗಿಸಿದನು, ಮರಳಿದನು, ಮರಳಿಸಿದನು. ಇಂಗ್ಲಿಷಿನಲ್ಲಿ ಹಿಮ್ಮೆಟ್ಟಿಸುವುದನ್ನು ಹೇಳಬೇಕಾದರೆ ‘ರಿಟ್ರೀಟ್’ ಶಬ್ದವನ್ನು ಕೈಬಿಟ್ಟು ಬೇರೊಂದು ಶಬ್ದವನ್ನು ಹುಡುಕಬೇಕಾಗುತ್ತದೆ. ನಮ್ಮಲ್ಲಿ ಆ ಶಬ್ದದೊಳಗೇ ಅದಕ್ಕೆ ಅವಕಾಶವಿದೆ. ಇತಿಹಾಸವನ್ನು ಬರೆಯುವವರಿಗೆ ಇದು ದೊಡ್ಡ ಅನುಕೂಲ. ಇದನ್ನು ಬಳಸದೆ ಬಿಡುವುದರಿಂದ ಆಗುವ ಹಾನಿ ಎಂಥದೆಂಬುದನ್ನು ಮುಂದಿನ ಪ್ರಸಂಗಗಳು ತೋರಿಸುತ್ತವೆ.

೪

ಪಂಚಗಂಗಾವಳಿಯ ಅಳಿವೆಯ ದಕ್ಷಿಣಕ್ಕೆ ಕುಂದಾಪುರವೂ ಉತ್ತರಕ್ಕೆ ಗಂಗೊಳ್ಳಿಯೂ ಇವೆ. ಅಳಿವೆಯಿಂದ ಕೆಲವೇ ಮೈಲಿ ಒಳಗೆ, ವಾರಾಹಿ ನದಿಯ ದಡದಲ್ಲಿ ಬಸರೂರು ಇದೆ. ಶಾಸನಗಳಲ್ಲಿ ವಸುಪುರವೆಂದು ಕರೆಯಲಾದ ಈ ಪಟ್ಟಣದಲ್ಲಿ ಪಡುವಕೇರಿ, ಮೂಡುಕೇರಿ ಎಂಬ ಎರಡು ವಸತಿಗಳಿದ್ದು, ವರ್ತಕ ಸಂಘಗಳು ಪ್ರಬಲವಾಗಿದ್ದವು. ಇಲ್ಲಿಂದ ಹೊರಟ ಅಕ್ಕಿಯು ಗೋವೆಯನ್ನೂ, ಅರಬ್ಬೀ ಸಮುದ್ರದಾಚೆಯ ಹೋರ್ಮುಜ್ ಮತ್ತು ಮಸ್ಕತ್‌ಗಳನ್ನೂ ಮುಟ್ಟುತ್ತಿತ್ತು. ಬೈಲು, ಮಜಲು, ಬೆಟ್ಟುಗಳೆಂದು ಮೂರು ತೆರನಾಗಿ ವಿಂಗಡಿಸಿದ ಗದ್ದೆಗಳಲ್ಲಿ ಬೆಳೆದ ಭತ್ತವೇ ಈ ಬಂದರಿನ ಬಲ. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಈ ಊರಿನ ಮೇಲೆ ಅವರ ಕಣ್ಣು ಬಿದ್ದುದಕ್ಕೆ ಮೆಣಸಿನಂತೆಯೇ ಈ ಅಕ್ಕಿಯೂ ಕಾರಣ.

೧೫೬೫ರಲ್ಲಿ ವಿಜಯನಗರಕ್ಕೆ ಬಿದ್ದ ಪೆಟ್ಟಿನ ತರುವಾಯ, ವೈಸರಾಯ್ ಲೂಯಿಸ್ ದ ಅತಾಯ್ದೆಯ ಕಾಲದಲ್ಲಿ, ೧೫೬೯ರ ಸುಮಾರಿಗೆ ಪೋರ್ಚುಗೀಸರು ಹೊನ್ನಾವರವನ್ನೂ ಬಸರೂರನ್ನೂ ಹಿಡಿದರು. ಹಳೆಯ ಪಟ್ಟಣಕ್ಕಿಂತ ಕೆಳಗೆ, ಅಳಿವೆಯ ಕಡೆಗೆ ಕೋಟೆಯನ್ನು ಕಟ್ಟಿದರು. ೧೭ನೆಯ ಶತಮಾನದಲ್ಲಿ ಗಂಗೊಳ್ಳಿಯಲ್ಲಿಯೂ ಅವರ ಕೋಟೆಯೆದ್ದಿತು. ಆದರೆ ಕೆಳದಿಯ ಶಿವಪ್ಪ ನಾಯಕನು ೧೬೪೫ರಲ್ಲಿ ಪಟ್ಟಕ್ಕೆ ಬಂದ ಮೇಲೆ ಪರಿಸ್ಥಿತಿಯು ಬದಲಾಯಿತು. ೧೬೫೨ರಿಂದ ೧೬೫೪ರವರೆಗಿನ ಅಲ್ಪಾವಧಿಯಲ್ಲಿ ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರಗಳ ಕೋಟೆಗಳೆಲ್ಲ ಪೋರ್ಚುಗೀಸರ ಕೈತಪ್ಪಿದವು.

ಈ ಘಟನೆಯನ್ನು ‘ಪೋರ್ಚುಗೀಸರು ಕೆನರಾ ತೀರದಿಂದ ಹಿಂದೆ ಸರಿದರು’ ಎಂದು ಬರೆಯುವುದು ಸುಲಭ. ಆ ವಾಕ್ಯದಲ್ಲಿ ಸುಳ್ಳಿಲ್ಲ. ಆದರೆ ಅದರ ಕರ್ತೃಸ್ಥಾನದಲ್ಲಿ ಪೋರ್ಚುಗೀಸರೊಬ್ಬರೇ ಇದ್ದಾರೆ. ಓದುವವನಿಗೆ ಅವರು ತಮ್ಮದೇ ಲೆಕ್ಕಾಚಾರದಿಂದ ಹಡಗು ಹತ್ತಿದರೆಂಬ ಭಾವನೆ ಬರುತ್ತದೆ. ಅವರ ಕಡೆಯಲ್ಲಿಯೂ ಕಾರಣಗಳು ಇಲ್ಲದಿರಲಿಲ್ಲ. ೧೬೫೦ರಲ್ಲಿ ಮಸ್ಕತ್ ಒಮಾನಿನವರ ವಶವಾಗಿ, ಬಸರೂರಿನ ಅಕ್ಕಿಯು ಸಾಗುತ್ತಿದ್ದ ಒಂದು ಮುಖ್ಯ ನೆಲೆ ಅವರಿಗೆ ತಪ್ಪಿಹೋಗಿತ್ತು. ಸಿಂಹಳದಲ್ಲಿ ಡಚ್ಚರೊಡನೆ ನಡೆದ ಹೋರಾಟವು ಅವರ ಹಡಗು, ಹಣ, ಜನಗಳನ್ನು ಹೀರುತ್ತಿತ್ತು. ಆದರೂ ಕೋಟೆಗಳು ಬಿದ್ದುದು ಕೆಳದಿಯ ಪಡೆಗಳ ಒತ್ತಡದಿಂದ. ಇಲ್ಲಿ ಸಲ್ಲತಕ್ಕ ಕ್ರಿಯಾಪದವು ‘ಹಿಮ್ಮೆಟ್ಟಿಸು’ ಎಂಬುದೇ ಹೊರತು ‘ಹಿಂದೆ ಸರಿ’ ಎಂಬುದಲ್ಲ. ಅನಂತರ ೧೬೭೮ರ ಒಪ್ಪಂದದಂತೆ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಠಿಯನ್ನೂ ಕರಾವಳಿಯಲ್ಲಿ ಇಗರ್ಜಿಗಳನ್ನೂ ಹೊಂದಲು ಅನುಮತಿ ಪಡೆದರು. ಆಗ ಅವರು ಬಂದುದು ಕೆಳದಿಯ ಅನುಜ್ಞೆಯಿಂದ. ಯಾರು ಯಾರನ್ನು ಹೊರಡಿಸಿದ್ದರೆಂಬುದಕ್ಕೆ ಈ ಅನುಜ್ಞೆಯೇ ಒಳ್ಳೆಯ ಸಾಕ್ಷ್ಯ.

೫

ಎರಡನೆಯ ಪ್ರಸಂಗವು ೧೬೬೫ರ ಫೆಬ್ರವರಿಯದು. ಶಿವಪ್ಪ ನಾಯಕನು ೧೬೬೦ರಲ್ಲಿ ತೀರಿಕೊಂಡ ಬಳಿಕ ಕೆಳದಿಯ ಸಿಂಹಾಸನವು ಕೆಲವು ಕಾಲ ಅಸ್ಥಿರವಾಗಿತ್ತು. ಈ ಸಂಧಿಯಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಗೈದನು. ಆ ನೌಕಾಪಡೆಯಲ್ಲಿ ೮೫ ಸಣ್ಣ ಹಡಗುಗಳೂ ೩ ದೊಡ್ಡ ಹಡಗುಗಳೂ ಇದ್ದುವೆಂದು ಆ ಕಾಲದ ಇಂಗ್ಲಿಷ್ ವರ್ತಕರ ಬರಹಗಳಿಂದ ತಿಳಿಯುತ್ತದೆ. ಸಂಪತ್ತನ್ನು ಹೇರಿಕೊಂಡು ಅವನು ಗೋಕರ್ಣಕ್ಕೆ ಬಂದು, ಅಲ್ಲಿಂದ ಕಾರವಾರದ ಮಾರ್ಗವಾಗಿ ಉತ್ತರಕ್ಕೆ ಹೋದನು.

ಇಲ್ಲಿ ಹೋದವನನ್ನು ಯಾರೂ ನೂಕಲಿಲ್ಲ. ಬಂದ ಕೆಲಸವು ಮುಗಿದ ಮೇಲೆ ಅವನು ತಾನಾಗಿಯೇ ಹೊರಟನು. ಇದನ್ನು ಹಿಮ್ಮೆಟ್ಟಿದನೆಂದು ಬರೆದರೆ ಕೆಳದಿಗೆ ಇಲ್ಲದ ಗೆಲುವೊಂದನ್ನು ಕೊಟ್ಟಂತಾಗುತ್ತದೆ. ‘ಮರಳಿದನು’ ಎಂಬುದೇ ಇಲ್ಲಿ ಯುಕ್ತ. ಆದರೆ ಬಸರೂರಿನ ಕೇರಿಗಳ ದೃಷ್ಟಿಯಿಂದ ನೋಡಿದಾಗ ಆ ಮರಳುವಿಕೆಯ ಬೆಲೆಯನ್ನು ತೆತ್ತವರು ಅಲ್ಲಿಯ ವರ್ತಕರು ಎಂಬ ಮಾತು ಅದೇ ವಾಕ್ಯದಲ್ಲಿ ಸೇರಬೇಕಾಗುತ್ತದೆ.

ಮೂರನೆಯದು ಇಂಗ್ಲಿಷರ ಪ್ರಸಂಗ. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದರಿಂದ ಈ ತೀರವು ಮೈಸೂರಿಗೆ ಸೇರಿತ್ತು. ೧೭೮೨ರ ಡಿಸೆಂಬರಿನಲ್ಲಿ ಹೈದರನು ಮೃತನಾದನು. ೧೭೮೩ರ ಜನವರಿಯಲ್ಲಿ ಬೊಂಬಾಯಿ ಸರಕಾರದ ಸೇನಾನಿ ಜನರಲ್ ಮ್ಯಾಥ್ಯೂಸನು ಕರಾವಳಿಯಲ್ಲಿಳಿದು, ಹೊನ್ನಾವರವನ್ನು ಹಿಡಿದು, ಕುಂದಾಪುರಕ್ಕೆ ಬಂದು, ಹೊಸಂಗಡಿ ಘಟ್ಟವನ್ನೇರಿ ಬಿದನೂರನ್ನು ಸೇರಿದನು. ಅಲ್ಲಿಯ ಅಧಿಕಾರಿಯಾಗಿದ್ದ ಅಯಾಜನು ನಗರವನ್ನು ಒಪ್ಪಿಸಿದ್ದರಿಂದ ಗೆಲುವು ಸುಲಭವಾಯಿತು. ಆದರೆ ಟಿಪ್ಪು ಸುಲ್ತಾನನು ದೊಡ್ಡ ಸೈನ್ಯದೊಡನೆ ಬಂದು ಮುತ್ತಿದಾಗ ಮ್ಯಾಥ್ಯೂಸನು ಕೆಲವೇ ತಿಂಗಳುಗಳಲ್ಲಿ ಶರಣಾಗತನಾದನು. ತಾವು ಕರಾವಳಿಗಿಳಿದು ಬೊಂಬಾಯಿಗೆ ಮರಳಲು ಬಿಡಬೇಕೆಂಬುದು ಶರಣಾಗತಿಯ ಷರತ್ತಾಗಿತ್ತು. ಖಜಾನೆಯ ಹಣವನ್ನು ಒಪ್ಪಿಸದೆ ಒಪ್ಪಂದವನ್ನು ಮುರಿದರೆಂದು ಟಿಪ್ಪುವು ಅವರನ್ನು ಸೆರೆಯಲ್ಲಿಟ್ಟನು. ಮ್ಯಾಥ್ಯೂಸನು ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಸತ್ತನು.

ಇಲ್ಲಿ ‘ರಿಟ್ರೀಟ್’ ಎಂಬುದು ಕೇಳಿಕೊಂಡರೂ ದೊರೆಯದೆ ಹೋದ ವಸ್ತು. ಹಿಂದೆ ಸರಿಯಲು ದಾರಿಯಿದ್ದವನು ಮಾತ್ರ ಹಿಂದೆ ಸರಿಯಬಲ್ಲನು. ದಾರಿಯನ್ನು ಬೇಡಿ ಪಡೆಯಬೇಕಾದವನ ಸ್ಥಿತಿಯನ್ನು ‘ಶರಣಾಗತಿ’ ಎಂಬ ಶಬ್ದವೇ ಹೇಳಬೇಕು. ಅನಂತರ ೧೭೮೪ರ ಮಾರ್ಚ್ ೧೧ರ ಮಂಗಳೂರು ಒಪ್ಪಂದದಂತೆ ಗೆದ್ದ ಸ್ಥಳಗಳನ್ನು ಪರಸ್ಪರ ಹಿಂದಿರುಗಿಸಲಾಯಿತು. ಆ ಸಂದರ್ಭಕ್ಕೆ ‘ಬಿಟ್ಟುಕೊಡು’ ಎಂಬ ನಮ್ಮ ಸಾಮಾನ್ಯ ಮಾತು ಹೊಂದುತ್ತದೆ. ಅದರಲ್ಲಿ ಬಿಡುವವನೂ ಇದ್ದಾನೆ, ಪಡೆಯುವವನೂ ಇದ್ದಾನೆ. ಹದಿನೈದು ವರ್ಷಗಳ ತರುವಾಯ, ೧೭೯೯ರಲ್ಲಿ ಇದೇ ತೀರವು ಕಂಪೆನಿಯ ವಶವಾಗಿ ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದನು.

೬

ಎಲ್ಲ ಹಿಂಜರಿತಗಳಿಗೂ ಒಬ್ಬ ಶತ್ರುವನ್ನು ಹುಡುಕುವುದೂ ತಪ್ಪಾದೀತು. ಇದಕ್ಕೆ ಬ್ರಹ್ಮಾವರ ತಾಲೂಕಿನ ಬಾರಕೂರು ನಿದರ್ಶನ. ಸೀತಾನದಿಯ ಸಮೀಪದ ಈ ಊರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಹೆಸರು ಕೊಟ್ಟು, ರಾಜ್ಯಪಾಲರ ನೆಲೆಯಾಗಿತ್ತು. ೧೪ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು ಹೇಳುವ ಫಾಕನೂರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಅಲ್ಲಿ ಕತ್ತಲೆ ಬಸದಿಯನ್ನೂ ದೇವಾಲಯಗಳನ್ನೂ ಸುತ್ತುವರಿದು ಗದ್ದೆ ತೋಟಗಳಿವೆ. ಈ ಇಳಿತಕ್ಕೆ ಯಾವುದೇ ಒಂದು ಯುದ್ಧದ ದಿನಾಂಕವನ್ನು ಕೊಡಲಾಗದು. ಆಳುವವರ ನೆಲೆಯು ಘಟ್ಟದ ಮೇಲಕ್ಕೆ ಹೋಯಿತು. ವ್ಯಾಪಾರವು ಬೇರೆ ಅಳಿವೆಗಳನ್ನು ಹಿಡಿಯಿತು. ಇಂತಲ್ಲಿ ನಾವಿಕರ ಮಾತಾದ ‘ಇಳಿ’ ಎಂಬ ಧಾತುವೇ ಸಾಕು. ನೀರು ಇಳಿಯಿತು ಎನ್ನುವವನು ಅದನ್ನು ಯಾರು ಇಳಿಸಿದರೆಂದು ಕೇಳುವುದಿಲ್ಲ.

ಪರಶುರಾಮನ ಐತಿಹ್ಯವಾದರೋ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಕಡಲು ತಾನಾಗಿ ಸರಿಯಲಿಲ್ಲ; ಕೊಡಲಿಯನ್ನೆಸೆದ ಮುನಿಯೊಬ್ಬನು ಅದನ್ನು ಸರಿಸಿದನು. ನಿಸರ್ಗದ ಕ್ರಿಯೆಯೊಂದಕ್ಕೆ ‘ಇಸು’ ಪ್ರತ್ಯಯವನ್ನು ಹಚ್ಚಿ ಕರ್ತೃವನ್ನು ಕಲ್ಪಿಸಿದುದರಿಂದ, ಸರಿದ ನೆಲದ ಮೇಲೆ ಆ ಕರ್ತೃವಿನ ಹಕ್ಕೂ, ಅವನಿಂದ ಪಡೆದೆವೆನ್ನುವವರ ಹಕ್ಕೂ ಸ್ಥಾಪಿತವಾದುವು. ಭೂವಿಜ್ಞಾನವು ಹೇಳುವುದು ಬೇರೆ. ಸುಮಾರು ೨೦,೦೦೦ ವರ್ಷಗಳ ಹಿಂದೆ, ಹಿಮಯುಗದ ಪರಮಾವಧಿಯಲ್ಲಿ, ಜಗತ್ತಿನ ಸಮುದ್ರಮಟ್ಟವು ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಅಲ್ಲಿಂದೀಚೆಗೆ ಒಟ್ಟಿನಲ್ಲಿ ಕಡಲು ಮುಂದೆ ಬಂದದ್ದೇ ಹೆಚ್ಚು. ನಮ್ಮ ಕುದ್ರುಗಳನ್ನೂ ಬೈಲುಗಳನ್ನೂ ಕಟ್ಟಿದುದರಲ್ಲಿ ಘಟ್ಟದಿಂದಿಳಿದ ನದಿಗಳ ಮೆಕ್ಕಲಿನ ಪಾಲು ದೊಡ್ಡದು. ಬೈಂದೂರು ತಾಲೂಕಿನ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕೆ, ಇನ್ನೊಂದು ಬದಿಗೆ ಕಡಲು. ಅಲ್ಲಿಯ ಜನರಿಗೆ ಮಳೆಗಾಲದ ಚಿಂತೆ ಕಡಲ್ಕೊರೆತದ್ದೇ ಹೊರತು ಕಡಲು ಹಿಂದೆ ಸರಿದೀತೆಂಬುದಲ್ಲ.

ಈ ಸೀಮೆಯ ಜನರಿಗೆ ಹತ್ತಿರವಾದ ಇನ್ನೊಂದು ಕ್ರಿಯಾಪದವನ್ನೂ ಇಲ್ಲಿ ಸ್ಮರಿಸಬೇಕು. ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಶಿವರಾಮ ಕಾರಂತರು ಈ ತೀರದ ಮೂರು ತಲೆಮಾರುಗಳ ಬದುಕನ್ನು ಚಿತ್ರಿಸಿದ ಕಾದಂಬರಿಗೆ ‘ಮರಳಿ ಮಣ್ಣಿಗೆ’ ಎಂದು ಹೆಸರಿಟ್ಟರು. ಊರನ್ನು ಬಿಟ್ಟು ಪಟ್ಟಣಗಳಿಗೆ ಹೋದವರು ಹಿಂದಿರುಗುವುದನ್ನು ಇಂಗ್ಲಿಷಿನಲ್ಲಿ ‘ರಿಟ್ರೀಟ್’ ಎಂದರೆ ಅದರಲ್ಲಿ ಸೋಲಿನ ನೆರಳು ಬೀಳುತ್ತದೆ. ‘ಮರಳಿ’ ಎಂಬುದರಲ್ಲಿ ಆ ನೆರಳಿಲ್ಲ.

೭

ಮೇಲ್ಕಂಡ ಚರ್ಚೆಯಿಂದ ಫಲಿಸುವುದಿಷ್ಟು. ‘ರಿಟ್ರೀಟ್’ ಎಂಬ ಕ್ರಿಯಾಪದವು ಎಳೆಯುವವನನ್ನೊಳಗೊಂಡು ಹುಟ್ಟಿ, ಅವನನ್ನು ಕಳೆದುಕೊಂಡು ಬಳಕೆಯಲ್ಲಿ ನಿಂತಿತು. ಆ ಭಾಷೆಯಲ್ಲಿ ಬರೆದ ಅಧಿಕಾರಿಗಳೂ ಸೇನಾನಿಗಳೂ ತಮ್ಮ ಪಕ್ಷದ ಸೋಲನ್ನು ಹೇಳಬೇಕಾದಾಗ ಈ ಲೋಪವು ಅವರಿಗೆ ಅನುಕೂಲವೇ ಆಗಿತ್ತು. ಅದನ್ನು ಹಾಗೆಯೇ ಕನ್ನಡಕ್ಕೆ ತಂದುಕೊಳ್ಳುವ ಅಗತ್ಯವು ನಮಗಿಲ್ಲ. ಬಿ. ಎ. ಸಾಲೆತ್ತೂರ್, ಪಿ. ಗುರುರಾಜ ಭಟ್ಟ ಮೊದಲಾದವರು ತುಳುನಾಡಿನ ಇತಿಹಾಸಕ್ಕೆ ಹಾಕಿಕೊಟ್ಟ ಬುನಾದಿಯು ಆಂಗ್ಲಭಾಷೆಯಲ್ಲಿದೆ. ಅದರ ಮೇಲೆ ಕನ್ನಡದಲ್ಲಿ ಕಟ್ಟಡವನ್ನೆತ್ತುವ ಕೆಲಸವು ಇಂದಿನ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದ್ದು.

ಆದುದರಿಂದ ಆಧಾರಗ್ರಂಥದಲ್ಲಿ ಈ ಕ್ರಿಯಾಪದವು ಕಂಡಾಗಲೆಲ್ಲ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಹೋದವರು ಯಾರು? ಅವರನ್ನು ಹೋಗುವಂತೆ ಮಾಡಿದವರು ಯಾರಾದರೂ ಇದ್ದರೇ? ಹೋಗಲು ಅವರಿಗೆ ದಾರಿಯಿತ್ತೇ? ಅವರು ಹೋದ ಮೇಲೆ ಅಲ್ಲಿಯೇ ಉಳಿದವರು ಯಾರು? ಮೊದಲ ಮೂರಕ್ಕೆ ಉತ್ತರವು ಯುದ್ಧದ ವರದಿಗಳಲ್ಲಿಯೂ ಒಪ್ಪಂದಗಳಲ್ಲಿಯೂ ದೊರೆಯುವುದುಂಟು. ನಾಲ್ಕನೆಯದಕ್ಕೆ ಉತ್ತರವನ್ನು ಶಾಸನಗಳಲ್ಲಿ, ಗುತ್ತಿಗೆಯ ಪತ್ರಗಳಲ್ಲಿ, ದೇವಸ್ಥಾನದ ಲೆಕ್ಕಗಳಲ್ಲಿ, ಕೇರಿಗಳ ಹೆಸರುಗಳಲ್ಲಿ ಹುಡುಕಬೇಕು. ಬಸರೂರಿನ ಕೋಟೆಯ ಮೇಲೆ ಒಂದಾದ ಮೇಲೊಂದು ಧ್ವಜವು ಏರಿ ಇಳಿಯುತ್ತಿದ್ದಾಗಲೂ ವಾರಾಹಿಯ ದಡದ ಬೈಲುಗಳಲ್ಲಿ ನಾಟಿ ನಡೆಯುತ್ತಿತ್ತು, ದೋಣಿಗಳಿಗೆ ಅಕ್ಕಿ ಹೇರಲಾಗುತ್ತಿತ್ತು. ಆ ಕೆಲಸ ಮಾಡಿದವರು ಹಿಂದೆ ಸರಿದವರ ಪಟ್ಟಿಯಲ್ಲಿಯೂ ಇಲ್ಲ, ಹಿಮ್ಮೆಟ್ಟಿಸಿದವರ ಪಟ್ಟಿಯಲ್ಲಿಯೂ ಇಲ್ಲ. ಅವರ ಇತಿಹಾಸವನ್ನು ಬರೆಯುವ ಕಾರ್ಯದಲ್ಲಿ ಈ ಶಬ್ದವಿಚಾರವು ಕಿಂಚಿತ್ತಾದರೂ ನೆರವಾದರೆ ನಮ್ಮ ಪ್ರಯತ್ನವು ಸಾರ್ಥಕವಾದಂತೆ.